ಇಬ್ಬನಿಯ ಹಾದಿಯಲ್ಲಿ ಬೇಟೆಗಾರನ ಕಾಲು

ಧನುರ್ಮಾಸದ ಬೆಳಗಿನ ಜಾವ ದೇವನಹಳ್ಳಿ ತಾಲ್ಲೂಕಿನ ಕುಂದಾಣದ ಕಡೆ ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿದವರಿಗೆ ಒಂದು ಸಂಗತಿ ತಾನಾಗಿ ತಿಳಿಯುತ್ತದೆ. ಮೈಗೆ ತಾಗುವ ಚಳಿಯನ್ನು ಒಂದು ಕಂಬಳಿ ತಡೆದೀತು. ಹುಲ್ಲಿನ ಮೇಲಿನ ಇಬ್ಬನಿಯಿಂದ ಅಂಗಾಲಿಗೆ ಏರುವ ಚಳಿಯನ್ನು ತಡೆಯುವುದು ಅಷ್ಟು ಸುಲಭವಲ್ಲ. ಸ್ವಲ್ಪ ಹೊತ್ತಿನಲ್ಲೇ ಬೆರಳುಗಳು ಜೋಮು ಹಿಡಿಯುತ್ತವೆ. ಇನ್ನೂ ಸ್ವಲ್ಪ ಹೊತ್ತಾದರೆ ಹೆಜ್ಜೆ ಕಲ್ಲಿನ ಮೇಲೆ ಬಿತ್ತೋ ಮಣ್ಣಿನ ಮೇಲೆ ಬಿತ್ತೋ ಕಾಲಿಗೇ ಗೊತ್ತಾಗುವುದಿಲ್ಲ.

ಈಗ ಆ ಹೊತ್ತಿನಲ್ಲಿ ಓಡಾಡುವವರು ಡೇರಿಗೆ ಹಾಲು ಹಾಕುವವರು, ಹೂವು ತರಕಾರಿ ಕೊಯ್ಯುವವರು. ಹಿಂದೆ ಅದು ಬೇಟೆಯ ಹೊತ್ತೂ ಆಗಿತ್ತು. ರಾತ್ರಿಯೆಲ್ಲ ಹೊಲದಲ್ಲಿ ಮೇದ ಹಂದಿ ಪೊದೆಗೆ ಹಿಂದಿರುಗುವುದು, ಮೊಲ ಹುಲ್ಲಿನಲ್ಲಿ ಕೂರುವುದು, ಕೌಜುಗ ಕೂಗುವುದು ಆಗಲೇ. ಬೇಟೆಗೆ ಹೊರಟವನು ಬಿಲ್ಲು, ಈಟಿ, ಬಲೆ, ನಾಯಿ ಎಲ್ಲವನ್ನೂ ಸಿದ್ಧಮಾಡಿಕೊಂಡರೂ ಕಾಲು ಮರಗಟ್ಟಿದರೆ ಆಟ ಮುಗಿದಂತೆ. ಹಾಗಾದರೆ ನಮ್ಮ ಹಿಂದಿನವರು ಮಾಗಿಯ ಚಳಿಯಲ್ಲಿ ಕಾಲನ್ನು ಹೇಗೆ ಕಾಪಾಡಿಕೊಂಡರು? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಉತ್ತರ ಹುಡುಕುತ್ತ ಹೋದರೆ ಶಿಲ್ಪ, ಭಾಷೆ, ಭಕ್ತರ ಕತೆ, ಕೊನೆಗೆ ಊರಿನ ಬೀದಿಯ ನ್ಯಾಯ ಅನ್ಯಾಯದವರೆಗೂ ಹೋಗಿ ನಿಲ್ಲಬೇಕಾಗುತ್ತದೆ.

ಕುಂದಾಣ ಇಂದು ಒಂದು ಹೋಬಳಿಯ ಊರು. ಏಳುನೂರು ವರ್ಷಗಳ ಹಿಂದೆ ಅದು ರಾಜಧಾನಿ. 1254ರ ಸುಮಾರಿಗೆ ಹೊಯ್ಸಳ ರಾಜ್ಯ ಸೋಮೇಶ್ವರನ ಇಬ್ಬರು ಮಕ್ಕಳ ನಡುವೆ ಹಂಚಿಹೋಯಿತು. ದೋರಸಮುದ್ರ ಮೂರನೆಯ ನರಸಿಂಹನ ಪಾಲಿಗೆ, ಕೋಲಾರದ ಸೀಮೆ ಮತ್ತು ತಮಿಳು ಪ್ರದೇಶಗಳು ರಾಮನಾಥನ ಪಾಲಿಗೆ ಬಂದವು. ಶ್ರೀರಂಗದ ಹತ್ತಿರದ ಕಣ್ಣನೂರಿನಿಂದ ಆಳುತ್ತಿದ್ದ ರಾಮನಾಥ ಪಾಂಡ್ಯರ ಒತ್ತಡ ತಾಳಲಾರದೆ 1279ರ ಸುಮಾರಿಗೆ ಆ ನೆಲವನ್ನು ಬಿಟ್ಟ. ಮುಂದೆ ಅವನ ನೆಲೆಯಾದದ್ದು ಕುಂದಾಣ. 1295ರ ಸುಮಾರಿಗೆ ಅವನ ಆಳ್ವಿಕೆ ಮುಗಿಯಿತು. ಅವನ ಮಗ ವಿಶ್ವನಾಥನ ಕಾಲದ ನಂತರ ಮೂರನೆಯ ಬಲ್ಲಾಳ ರಾಜ್ಯವನ್ನು ಮತ್ತೆ ಒಂದುಗೂಡಿಸಿದ. ಕಾವೇರಿ ಬಯಲಿನ ಬೆಚ್ಚನೆಯ ಸೀಮೆಯಿಂದ ಈ ಎತ್ತರದ ನಾಡಿಗೆ ಬಂದ ಆ ಪರಿವಾರಕ್ಕೆ ಇಲ್ಲಿನ ಮೊದಲ ಮಾಗಿ ಸುಖವಾಗಿರಲಾರದು.

ಹೊಯ್ಸಳರ ಲಾಂಛನವೇ ಹುಲಿಯೊಡನೆ ಹೋರಾಡುವ ಸಳನದು. ಕಾಡು, ಮೃಗ, ಆಯುಧ ಆ ಮನೆತನದ ಮೂಲಕತೆಯಲ್ಲೇ ಸೇರಿಕೊಂಡಿವೆ. ಕನ್ನಡ ಶಾಸನಗಳಿಗೂ ಬೇಟೆ ಹೊಸದಲ್ಲ. 949–50ರ ಆತಕೂರಿನ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತ ಕಲ್ಲು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು ಎಂದು ಅದು ಹೇಳುತ್ತದೆ. ನಾಯಿಯ ಹೆಸರು ನಮಗೆ ತಿಳಿದಿದೆ. ಅದರ ಹಿಂದೆ ಓಡಿದವರ ಕಾಲಿನಲ್ಲಿ ಏನಿತ್ತೆಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ಬೇರೆ ಕಡೆಗಳಿಂದ ಕೂಡಿಸಿಕೊಳ್ಳಬೇಕು.

ನಮ್ಮ ಚಳಿಯ ಬಗೆ

ಮೊದಲು ನಮ್ಮ ಚಳಿ ಎಂಥದು ಎಂದು ನೋಡೋಣ. ಕುಂದಾಣದ ಸುತ್ತಿನ ಬಯಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಮೀಪದ ನಂದಿಬೆಟ್ಟ 1478 ಮೀಟರ್. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟುವ ಚಳಿ ನಮ್ಮದಲ್ಲ. ಹಿಮ ಕಡಿದು ಬೆರಳು ಉದುರುವ ಭಯವೂ ಇಲ್ಲಿಲ್ಲ.

ಆದರೆ ನಮ್ಮ ಚಳಿಗೆ ತನ್ನದೇ ಒಂದು ಗುಣ ಇದೆ. ಮಾಗಿಯ ರಾತ್ರಿ ಆಕಾಶ ಮೋಡವಿಲ್ಲದೆ ತೆರೆದಿರುತ್ತದೆ. ಹಗಲು ಕಾದ ನೆಲ ತನ್ನ ಕಾವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ಬೆಳಗಿನ ಜಾವದ ಹೊತ್ತಿಗೆ ಹುಲ್ಲಿನ ತುದಿ ಸುತ್ತಣ ಗಾಳಿಗಿಂತಲೂ ತಣ್ಣಗಾಗಿ, ಗಾಳಿಯಲ್ಲಿದ್ದ ತೇವ ಅದರ ಮೇಲೆ ಹನಿಗಟ್ಟುತ್ತದೆ. ಹಾಗೆಂದೇ ನಮ್ಮ ಕಡೆಯ ಬೆಳಗಿನ ಚಳಿ ಒದ್ದೆ ಚಳಿ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖವನ್ನು ಎಳೆದುಕೊಳ್ಳುತ್ತದೆ. ಒಣಗಿದ ಕಾಲಿಗೆ ಹತ್ತು ಡಿಗ್ರಿಯ ಗಾಳಿ ಹಿತವೆನಿಸಬಹುದು. ಒದ್ದೆ ಕಾಲಿಗೆ ಅದೇ ಹತ್ತು ಡಿಗ್ರಿ ಕಷ್ಟ ಕೊಡುತ್ತದೆ.

ದೇಹದ ಏರ್ಪಾಡು ಕೂಡ ಕಾಲಿಗೆ ಅನುಕೂಲವಾಗಿಲ್ಲ. ಚಳಿ ಹೆಚ್ಚಾದಾಗ ದೇಹ ಮೊದಲು ಎದೆ ಹೊಟ್ಟೆಯೊಳಗಿನ ಅಂಗಾಂಗಗಳನ್ನು ಉಳಿಸಿಕೊಳ್ಳಲು ನೋಡುತ್ತದೆ. ಕೈಕಾಲಿನ ತುದಿಯ ರಕ್ತನಾಳಗಳು ಕುಗ್ಗುತ್ತವೆ. ಪಾದದಲ್ಲಿ ಎಲುಬು, ನರ, ಸ್ನಾಯುಬಂಧಗಳೇ ಹೆಚ್ಚು. ಕಾವು ಹುಟ್ಟಿಸುವ ಮಾಂಸಖಂಡ ಕಡಿಮೆ. ಬರುವ ಬಿಸಿರಕ್ತವೂ ಕಡಿಮೆಯಾದರೆ ಪಾದ ತಣ್ಣಗಾಗದೆ ಇನ್ನೇನು?

ಬೇಟೆಯಲ್ಲಿ ಇದಕ್ಕೆ ಎರಡು ಮುಖಗಳಿವೆ. ಪೊದೆ ಬಡಿದು, ಕೂಗು ಹಾಕಿ ಪ್ರಾಣಿಯನ್ನು ಎಬ್ಬಿಸಿ ಓಡಿಸುವ ಸೋವಿನವರಿಗೆ ಚಳಿಯ ಪರಿವೆ ಇರುವುದಿಲ್ಲ. ಓಟವೇ ಅವರ ಕಾಲನ್ನು ಬೆಚ್ಚಗಿಡುತ್ತದೆ. ಕಷ್ಟವೆಲ್ಲ ಮರಸು ಕೂತವನದು. ಪ್ರಾಣಿ ಹಾಯುವ ಕಡೆ ಮರೆಯಲ್ಲಿ ಕೂತವನು ಕಾಲು ಕುಟ್ಟುವಂತಿಲ್ಲ, ಎದ್ದು ಓಡಾಡುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಕಾಲು ಜೋಮು ಹಿಡಿದು ಒಮ್ಮೆ ಕದಲಿದರೆ ರಾತ್ರಿಯ ಕಾವಲೆಲ್ಲ ವ್ಯರ್ಥ. ಎದುರಿಗೆ ಬಂದದ್ದು ಗಾಯಗೊಂಡ ಹಂದಿಯಾದರೆ, ಮರಗಟ್ಟಿದ ಕಾಲಿನವನು ಮರ ಹತ್ತಲಾರದೆ ಪ್ರಾಣವನ್ನೇ ಕಳೆದುಕೊಳ್ಳಬೇಕಾದೀತು.

ಹಿಮದ ನಾಡಿನ ಬುದ್ಧಿ

ಇದೇ ಕಷ್ಟಕ್ಕೆ ನಿಜವಾದ ಹಿಮದ ನಾಡುಗಳಲ್ಲಿ ಕಂಡುಕೊಂಡ ಉಪಾಯವನ್ನು ನೋಡಿದರೆ ನಮ್ಮದು ಹೆಚ್ಚು ಸ್ಪಷ್ಟವಾಗುತ್ತದೆ. 1991ರಲ್ಲಿ ಆಸ್ಟ್ರಿಯ ಮತ್ತು ಇಟಲಿಯ ಗಡಿಯ ಆಲ್ಪ್ಸ್ ಪರ್ವತದ ಹಿಮದಲ್ಲಿ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಅವನು ಸತ್ತು ಸುಮಾರು 5300 ವರ್ಷಗಳಾಗಿದ್ದವು. ಓಟ್ಜಿ ಎಂದು ಹೆಸರಾದ ಅವನ ಬಳಿ ಬಿಲ್ಲು, ಬಾಣಗಳ ಬತ್ತಳಿಕೆ, ತಾಮ್ರದ ಕೊಡಲಿ ಇದ್ದವು. ವಿದ್ವಾಂಸರನ್ನು ಬೆರಗುಗೊಳಿಸಿದ ಇನ್ನೊಂದು ವಸ್ತು ಅವನ ಪಾದರಕ್ಷೆ. ಅಡಿಗೆ ಕರಡಿಯ ಚರ್ಮ, ಮೇಲೆ ಜಿಂಕೆಯ ಚರ್ಮ. ಒಳಗೆ ಮರದ ನಾರಿನಿಂದ ಹೆಣೆದ ಬಲೆ. ಆ ಬಲೆಗೂ ಕಾಲಿಗೂ ನಡುವೆ ತುಂಬಿದ್ದು ಒಣಹುಲ್ಲು!

ಯೂರೋಪಿನ ಉತ್ತರ ತುದಿಯ ಸಾಮಿ ಜನರು ತೀರ ಇತ್ತೀಚಿನವರೆಗೂ ಇದನ್ನೇ ಮಾಡುತ್ತಿದ್ದರು. ಜೌಗಿನಲ್ಲಿ ಬೆಳೆಯುವ ಒಂದು ಬಗೆಯ ಹುಲ್ಲನ್ನು ಕೊಯ್ದು, ಬಡಿದು ಮೆದುಮಾಡಿ, ಒಣಗಿಸಿ, ಜಿಂಕೆಚರ್ಮದ ಬೂಟಿನೊಳಗೆ ತುಂಬುವರು. ರಾತ್ರಿ ಅದನ್ನು ಹೊರತೆಗೆದು ಒಲೆಯ ಬಳಿ ಒಣಗಿಸಿ ಬೆಳಿಗ್ಗೆ ಮತ್ತೆ ತುಂಬುವರು. 1911ರಲ್ಲಿ ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ಅಮುಂಡ್ಸೆನ್ನನ ತಂಡದವರೂ ಬೂಟಿನಲ್ಲಿ ಈ ಹುಲ್ಲನ್ನೇ ಇಟ್ಟುಕೊಂಡಿದ್ದರು.

ಹುಲ್ಲಿನಲ್ಲಿ ಕಾವಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾಲಿನ ಕಾವನ್ನು ಹೊರಗೆ ಬಿಡುವುದಿಲ್ಲ. ಕಾಲಿನ ಬೆವರನ್ನು ಹುಲ್ಲು ಹೀರಿಕೊಂಡು ಚರ್ಮವನ್ನು ಒಣಗಿಸಿಡುತ್ತದೆ. ಒಟ್ಟು ಮೂರು ಸೂತ್ರಗಳು ಇಲ್ಲಿವೆ: ಕಾಲು ಒಣಗಿರಬೇಕು, ಸುತ್ತ ಸ್ವಲ್ಪ ಗಾಳಿ ಇರಬೇಕು, ಯಾವುದೂ ಬಿಗಿಯಾಗಿ ರಕ್ತವನ್ನು ತಡೆಯಬಾರದು. ನಮ್ಮ ರಾಗಿಹುಲ್ಲಿನ ಮೆದೆಯಲ್ಲಿ ಹುದುಗಿ ಮಲಗಿ ಚಳಿ ಕಳೆದವರಿಗೆ ಈ ಸೂತ್ರಗಳನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಸೂರ್ಯನ ಬೂಟು ದಕ್ಷಿಣಕ್ಕೆ ಬರಲಿಲ್ಲ

ಚಳಿನಾಡಿನ ಬೂಟು ಭಾರತಕ್ಕೆ ಬರಲೇ ಇಲ್ಲವೆ? ಬಂದಿತ್ತು, ದೇವರ ಕಾಲಿಗೆ! ಮಥುರೆಯ ವಸ್ತುಸಂಗ್ರಹಾಲಯದಲ್ಲಿ ಕುಷಾಣ ದೊರೆ ಕನಿಷ್ಕನ ತಲೆಯಿಲ್ಲದ ವಿಗ್ರಹವಿದೆ. ಉದ್ದನೆಯ ನಿಲುವಂಗಿ, ಕಾಲಿಗೆ ದಪ್ಪನೆಯ ದೊಡ್ಡ ಬೂಟುಗಳು. ಮಧ್ಯ ಏಷ್ಯದ ಚಳಿಯಲ್ಲಿ ಕುದುರೆಯೇರಿ ತಿರುಗಿದ ಜನರ ಉಡುಗೆ ಅದು. ಮುಂದೆ ಉತ್ತರ ಭಾರತದ ಸೂರ್ಯನ ವಿಗ್ರಹಗಳಿಗೂ ಇಂಥ ಬೂಟು ಬಂತು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಸೂರ್ಯನಿಗೆ ಉದೀಚ್ಯರ, ಎಂದರೆ ಉತ್ತರದವರ ವೇಷವಿರಬೇಕೆಂದು ವಿಧಿಸಿದ. ಹೀಗೆ ಲೋಕಕ್ಕೆಲ್ಲ ಬಿಸಿಲು ಕೊಡುವ ದೇವರೇ ಕಾಲು ಬೆಚ್ಚಗಿಟ್ಟುಕೊಂಡು ನಿಂತ!

ದಕ್ಷಿಣಕ್ಕೆ ಬಂದಾಗ ಸೂರ್ಯ ಬೂಟನ್ನು ಕಳಚಿಟ್ಟ. ನಮ್ಮ ಕಡೆಯ ಶಿಲ್ಪಗಳಲ್ಲಿ ಅವನ ಎರಡು ಕೈಗಳಲ್ಲಿ ಕಮಲ, ಕಾಲು ಬರಿಗಾಲು. ವಿಗ್ರಹ ನೋಡಿದೊಡನೆ ಉತ್ತರದ್ದೋ ದಕ್ಷಿಣದ್ದೋ ಎಂದು ಹೇಳಲು ವಿದ್ವಾಂಸರು ಕಾಲನ್ನೇ ಮೊದಲು ನೋಡುತ್ತಾರೆ. ಶಿಲ್ಪಿಗಳಿಗೆ ಪಾದರಕ್ಷೆ ತಿಳಿಯದೆ ಹೀಗಾಯಿತೆಂದಲ್ಲ. ಹಳೇಬೀಡಿನ ಗೋಡೆಗಳಲ್ಲಿ ಎತ್ತರದ ಹಾವುಗೆ ಮೆಟ್ಟಿದ ಆಕೃತಿಗಳಿವೆ. ಆದರೆ ಪಾದವನ್ನು ಸುತ್ತಲೂ ಮುಚ್ಚುವ ಬೂಟು ಈ ನೆಲಕ್ಕೆ ಬೇಕೆನಿಸಲಿಲ್ಲ. ಮಳೆಗಾಲದ ಕೆಸರು, ಬೇಸಿಗೆಯ ಸೆಖೆ, ದಿನಕ್ಕೆ ನಾಲ್ಕು ಸಲ ಕಾಲು ತೊಳೆಯುವ ರೂಢಿ, ಇವುಗಳ ನಡುವೆ ಬೂಟು ಕಾಲನ್ನು ಕಾಯುವುದಕ್ಕಿಂತ ಕೊಳೆಸುವುದೇ ಹೆಚ್ಚು.

ಕೆರ, ಎಕ್ಕಡ, ಮೆಟ್ಟು

ನಮ್ಮಲ್ಲಿ ಬಳಕೆಯಾದದ್ದು ತೆರೆದ ಪಾದರಕ್ಷೆ. ಅದಕ್ಕಿರುವ ಹೆಸರುಗಳೇ ಎಷ್ಟು! ಕೆರ, ಮೆಟ್ಟು, ಎಕ್ಕಡ, ಜೋಡು, ಚಡಾವು, ಪಾಪೋಸು, ಚಪ್ಪಲಿ. ಮರದ್ದಾದರೆ ಹಾವುಗೆ, ಚರ್ಮದ್ದಾದರೆ ಚಮ್ಮಾವುಗೆ. ಇವುಗಳಲ್ಲಿ ಪಾಪೋಸು ಪಾರಸಿಯಿಂದ ಬಂದದ್ದು. ಕೆರ ಮಾತ್ರ ಅಚ್ಚ ದ್ರಾವಿಡ ಮಾತು. ತಮಿಳಿನ ಚೆರುಪ್ಪು, ತೆಲುಗಿನ ಚೆಪ್ಪು ಅದರ ಒಡಹುಟ್ಟುಗಳು. ಮೂರು ಭಾಷೆಗಳು ಬೇರೆಯಾಗುವ ಮುಂಚೆಯೇ ಈ ವಸ್ತು ಈ ಜನರ ಕಾಲಿನಲ್ಲಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅರಮನೆಯವರು ಪಾದದ ವಿಚಾರವನ್ನು ಲಘುವಾಗಿ ಎಣಿಸಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ಪಾದುಕೆಗೇ ಒಂದು ಭಾಗ, ಪಾದಕ್ಕೆ ಎಣ್ಣೆ ನೀವುವ ಪಾದಾಭ್ಯಂಗಕ್ಕೆ ಇನ್ನೊಂದು ಭಾಗ ಮೀಸಲಾಗಿದೆ. ಅದೇ ಗ್ರಂಥದಲ್ಲಿ ಬೇಟೆಯನ್ನು ರಾಜವಿನೋದಗಳಲ್ಲಿ ಒಂದಾಗಿ ವಿಸ್ತಾರವಾಗಿ ವರ್ಣಿಸಿದೆ. ಅರಸ ಬೇಟೆಯಿಂದ ಬಂದರೆ ಕಾಲು ಒತ್ತಲು ಆಳುಗಳಿದ್ದರು. ಅವನ ಮುಂದೆ ಪೊದೆ ಬಡಿದ ಬೇಡನ ಕಾಲಿನ ಗತಿ?

ಬೇಡನ ಕಾಲು ನಮಗೆ ಕಾಣಸಿಗುವುದು ಭಕ್ತರ ಕತೆಯಲ್ಲಿ. ಕಾಳಹಸ್ತಿಯ ಬೇಡ ಕಣ್ಣಪ್ಪನನ್ನು ಕನ್ನಡಿಗರು ಹೊಯ್ಸಳರ ಕಾಲದ ಹರಿಹರನ ರಗಳೆಯಿಂದಲೂ, 1954ರಲ್ಲಿ ರಾಜಕುಮಾರ್ ನಾಯಕನಟರಾಗಿ ಕಾಣಿಸಿಕೊಂಡ ‘ಬೇಡರ ಕಣ್ಣಪ್ಪ’ ಚಿತ್ರದಿಂದಲೂ ಬಲ್ಲರು. ತಮಿಳಿನ ಹಳೆಯ ಭಕ್ತಿಸಾಹಿತ್ಯ ಈ ಬೇಡನನ್ನು ನೆನೆಯುವಾಗ ಅವನ ಕೆರ ಮೆಟ್ಟಿದ ಕಾಲನ್ನು ವಿಶೇಷವಾಗಿ ಎತ್ತಿ ಹೇಳುತ್ತದೆ. ಬಾಯಿಯ ನೀರೇ ಅಭಿಷೇಕ, ಮಾಂಸವೇ ನೈವೇದ್ಯ, ಮೆಟ್ಟಿದ ಕಾಲೇ ಲಿಂಗದ ಮೇಲಿನ ಹಳೆಯ ಹೂವನ್ನು ಸರಿಸುವ ಕೈ. ಕತೆ ಭಕ್ತಿಯನ್ನು ಹೇಳಲು ಹುಟ್ಟಿದ್ದು ನಿಜ. ಜೊತೆಗೆ, ಕಾಡಿನಲ್ಲಿ ತಿರುಗುವ ಬೇಡನೆಂದರೆ ಕಾಲಿನಲ್ಲಿ ಚರ್ಮದ ಕೆರ ಇರುವವನು ಎಂಬ ಚಿತ್ರ ಆ ಕಾಲದ ಜನರ ಮನಸ್ಸಿನಲ್ಲಿತ್ತೆಂದೂ ಅದು ತಿಳಿಸುತ್ತದೆ.

ಕಾಡಿನಲ್ಲಿ ಕೆರ ಬೇಕಾದದ್ದು ಮುಳ್ಳಿಗೆ. ಜಾಲಿ, ಕಾರೆ, ಬೋರೆ ಬೆಳೆದ ಕುಂದಾಣದ ಕಡೆಯ ಕುರುಚಲು ಕಾಡಿನಲ್ಲಿ ಬರಿಗಾಲು ಸುಖವಲ್ಲ. ಚಳಿಗೂ ಅದು ಒಂದಿಷ್ಟು ಒದಗುತ್ತಿತ್ತು. ದಪ್ಪ ಚರ್ಮದ ಅಡಿ ಅಂಗಾಲನ್ನು ತಣ್ಣನೆಯ ನೆಲದಿಂದ ಒಂದು ಬೆರಳಷ್ಟು ಮೇಲಕ್ಕೆತ್ತುತ್ತದೆ. ಹೊಂಗೆಯೆಣ್ಣೆಯನ್ನೋ ಹರಳೆಣ್ಣೆಯನ್ನೋ ಚೆನ್ನಾಗಿ ಕುಡಿಸಿದ ಚರ್ಮ ಇಬ್ಬನಿಯನ್ನು ಬೇಗ ಹೀರುವುದಿಲ್ಲ. ಆದರೆ ಬೇಟೆ ಹತ್ತಿರವಾದಂತೆ ಇದೇ ಕೆರ ತೊಡಕೂ ಹೌದು. ಒಣ ಎಲೆಯ ಮೇಲೆ ಅದು ಸದ್ದು ಮಾಡುತ್ತದೆ, ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಹೆಜ್ಜೆಯ ಕೆಳಗೆ ಕಡ್ಡಿ ಮುರಿಯುವ ಮುನ್ನವೇ ಅದನ್ನು ಅರಿತು ಪಾದವನ್ನು ಹಿಂದೆಗೆಯುವುದು ಬರಿಗಾಲಿಗೆ ಮಾತ್ರ ಸಾಧ್ಯ. ಬರಿಗಾಲಲ್ಲಿ ನಡೆದವರ ಅಂಗಾಲು ದಪ್ಪವಾಗಿರುತ್ತದೆ, ಅದಕ್ಕೆ ಸ್ಪರ್ಶ ತಿಳಿಯದು ಎಂದು ಪೇಟೆಯವರು ತಿಳಿಯುವುದುಂಟು. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ತಿಳಿವಳಿಕೆಯನ್ನು ತಿದ್ದಿದೆ. ಕೀನ್ಯಾ ಮತ್ತು ಅಮೆರಿಕದ ಜನರ ಪಾದಗಳನ್ನು ಪರೀಕ್ಷಿಸಿದ ಆ ಅಧ್ಯಯನದ ಪ್ರಕಾರ ಅಂಗಾಲಿನ ಚರ್ಮ ದಪ್ಪವಾದರೂ ನಡೆಯುವಾಗಿನ ಸ್ಪರ್ಶಜ್ಞಾನ ಕುಂದುವುದಿಲ್ಲ.

ಕಂಬಳಿಯ ಕೊಪ್ಪೆ ಕಾಲಿಗೂ ಬೆಚ್ಚಗೆ

ಬರಿಗಾಲಿನವನು ಚಳಿಯನ್ನು ತಡೆದದ್ದು ಹೇಗೆ? ಉತ್ತರ ಕಾಲಿನಲ್ಲಿಲ್ಲ, ಹೆಗಲ ಮೇಲಿದೆ. ಅದು ಕರಿಯ ಕಂಬಳಿ. ಕಂಬಳಿಗೂ ಕಾಲಿನ ಚಳಿಗೂ ಸಂಬಂಧವಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಪಾದ ತಣ್ಣಗಾಗುವುದು ದೇಹ ತನ್ನ ನಡುಭಾಗದ ಕಾವನ್ನು ಉಳಿಸಿಕೊಳ್ಳಲು ಅಲ್ಲಿನ ರಕ್ತವನ್ನು ಕಡಿಮೆ ಮಾಡುವುದರಿಂದ. ತಲೆ, ಎದೆ, ಬೆನ್ನು ಬೆಚ್ಚಗಿದ್ದರೆ ದೇಹಕ್ಕೆ ಆ ಜಿಪುಣತನ ಬೇಕಾಗುವುದಿಲ್ಲ. ಬಿಸಿರಕ್ತ ಕಾಲಿನ ತುದಿಯವರೆಗೂ ಹರಿಯುತ್ತದೆ. ತಲೆಯ ಮೇಲಿಂದ ಇಳಿಬಿಟ್ಟ ಕಂಬಳಿಯ ಕೊಪ್ಪೆ ಮೊಣಕಾಲಿನವರೆಗೆ ಬರುತ್ತದೆ. ಕುಕ್ಕರುಗಾಲಲ್ಲಿ ಕೂತರೆ ಪಾದವೂ ಅದರೊಳಗೆ ಬರುತ್ತದೆ. ಉಣ್ಣೆಯ ಇನ್ನೊಂದು ಗುಣವೆಂದರೆ ಇಬ್ಬನಿಯಲ್ಲಿ ನೆನೆದರೂ ಅದು ಹತ್ತಿಬಟ್ಟೆಯಂತೆ ಮೈಗಂಟಿ ಕಾವು ಹೀರುವುದಿಲ್ಲ. ಕುರುಬರು ಕುರಿಯ ತುಪ್ಪಟ ಕತ್ತರಿಸಿ, ನೂತು, ನೇಯ್ದು ಕೊಟ್ಟ ಈ ಒಂದು ಹೊದಿಕೆ ಕುರಿಗಾಹಿಗೆ, ಹೊಲ ಕಾಯುವವನಿಗೆ, ಮರಸು ಕೂತವನಿಗೆ ಸಮಾನವಾಗಿ ಒದಗಿತು.

ಉಳಿದದ್ದು ಸಣ್ಣ ಸಣ್ಣ ಜಾಣತನಗಳು. ಅಂಗಾಲಿಗೂ ಬೆರಳಸಂದಿಗೂ ಎಣ್ಣೆ ತಿಕ್ಕುವುದು, ಒಣಹುಲ್ಲಿನ ಮೇಲೆ ಕಾಲಿಟ್ಟು ಕೂರುವುದು, ಅಟ್ಟಣೆಯ ಮೇಲೆ ಏರಿ ನೆಲದ ತೇವದಿಂದ ದೂರವಿರುವುದು. ಎಣ್ಣೆಯಿಂದ ಕಾವು ಹುಟ್ಟುವುದಿಲ್ಲ. ಆದರೆ ತಿಕ್ಕುವಾಗ ರಕ್ತ ಚುರುಕಾಗುತ್ತದೆ, ನೀರು ಚರ್ಮಕ್ಕೆ ನೇರವಾಗಿ ತಾಗದೆ ಬಿರುಕು ತಪ್ಪುತ್ತದೆ. ಬೇಟೆ ಮುಗಿದ ಮೇಲೆ ಅಗ್ಗಿಷ್ಟಿಕೆಯ ಸುತ್ತ ಕಾಲು ಚಾಚಿ ಕೂರುವುದಂತೂ ಇದ್ದದ್ದೇ. ಮಲೆನಾಡಿನ ಬೇಟೆಗಾರನಿಗೆ ಚಳಿಯ ಜೊತೆಗೆ ಇಂಬಳದ ಕಾಟವೂ ಇದ್ದುದರಿಂದ ಅಲ್ಲಿ ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಳ್ಳುವ ರೂಢಿ ಸೇರಿಕೊಂಡಿತು.

ಚರ್ಮ ಹದ ಮಾಡಿದವರು

ಇಲ್ಲಿಯವರೆಗೆ ಕೆರ ಹಾಕಿದವನ ಮಾತಾಯಿತು. ಮಾಡಿದವನ ಮಾತು? ಒಂದು ಜೊತೆ ಕೆರದ ಹಿಂದೆ ವಾರಗಳ ದುಡಿಮೆ ಇರುತ್ತಿತ್ತು. ಸತ್ತ ದನದ ಚರ್ಮ ಸುಲಿದು, ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯಬೇಕು. ಆಮೇಲೆ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಹಾಕಿದ ಒಗರು ನೀರಿನಲ್ಲಿ ಅದನ್ನು ಹದಗೊಳಿಸಬೇಕು. ಒಣಗಿಸಿ, ಎಣ್ಣೆ ಕುಡಿಸಿ, ಉಳಿ ಹಿಡಿದು ಕತ್ತರಿಸಿ, ದಬ್ಬಳದಿಂದ ಚುಚ್ಚಿ ಚರ್ಮದ ಬಾರಿನಲ್ಲೇ ಹೊಲಿಯಬೇಕು. ಇದೇ ಕೈಗಳು ಬಾವಿಯ ಕಪಿಲೆಗೆ ಬಾನಿಯನ್ನೂ, ನೊಗಕ್ಕೆ ಮಿಣಿಯನ್ನೂ ಒದಗಿಸುತ್ತಿದ್ದವು. ಪ್ರತಿಫಲವಾಗಿ ಸುಗ್ಗಿಯಲ್ಲಿ ಕಣದಿಂದ ಆಯದ ಧಾನ್ಯ. ಮಾದಿಗ, ಸಮಗಾರ, ಡೋಹರ ಎಂದು ಊರುಗಳು ಕರೆದ ಈ ಜನರಿಲ್ಲದೆ ಬೇಸಾಯವೂ ಇಲ್ಲ, ಬೇಟೆಯೂ ಇಲ್ಲ.

ಆದರೆ ಊರಿನ ಎಲ್ಲ ಕಾಲುಗಳಿಗೂ ಮೆಟ್ಟು ಹೊಲಿದ ಇವರೇ ಮೇಲುಜಾತಿಯ ಬೀದಿಗೆ ಬಂದರೆ ಮೆಟ್ಟನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ಮಾಗಿಯ ಬೆಳಗಿನ ಇಬ್ಬನಿಯೂ, ಬೇಸಿಗೆಯ ನಡುಹಗಲಿನ ಕಾದ ನೆಲವೂ ಅವರ ಬರಿಯ ಅಂಗಾಲಿಗೆ ಮೀಸಲು. ಚರ್ಮ ಮುಟ್ಟಿದ ಕೈ ಅಶುದ್ಧ, ಆ ಕೈ ಮಾಡಿದ ಚರ್ಮದ ವಸ್ತು ಮಾತ್ರ ಉಪಯೋಗಕ್ಕೆ ಬೇಕು. ಚಳಿಯ ವಿಜ್ಞಾನ ಎಲ್ಲರ ಪಾದಕ್ಕೂ ಒಂದೇ. ಬೀದಿಯ ಕಟ್ಟಳೆ ಒಂದೇ ಆಗಿರಲಿಲ್ಲ.

ಈ ಅನ್ಯಾಯದ ಅರಿವು ನಮ್ಮ ನಾಡಿಗೆ ಹಿಂದೆಯೇ ಇತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಶರಣರ ಸಾಲಿನಲ್ಲಿ ಹಿರಿಯರಾಗಿ ನಿಂತರು. ಹರಳಯ್ಯನ ಕತೆ ಎಲ್ಲರಿಗೂ ಗೊತ್ತಿರುವುದೇ. ತನ್ನ ಒಂದು ‘ಶರಣು’ವಿಗೆ ಬಸವಣ್ಣ ಎರಡು ಶರಣು ಹೇಳಿದನೆಂದು, ಆ ಋಣ ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು. ಅದನ್ನು ಮೆಟ್ಟುವ ಯೋಗ್ಯತೆ ತನಗಿಲ್ಲವೆಂದು ಬಸವಣ್ಣ ತಲೆಯ ಮೇಲಿಟ್ಟುಕೊಂಡ. ಕಾಲಿಗೆ ಹಾಕುವ ವಸ್ತು ತಲೆಗೇರಿದ ಈ ಕತೆ ಜನರ ನೆನಪಿನಲ್ಲಿ ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲ ಉಳಿದಿರುವುದಕ್ಕೆ ಕಾರಣವಿದೆ. ಬೀದಿಯಲ್ಲಿ ಪ್ರತಿದಿನ ನಡೆಯುತ್ತಿದ್ದುದಕ್ಕೆ ಅದು ನೇರ ಎದುರುಮಾತು.

ಹೊಯ್ಸಳರ ಬೇಲೂರಿನಲ್ಲೂ ಇಂಥ ಒಂದು ನಂಬಿಕೆ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಗೆಜೆಟಿಯರ್ ಬರೆದ ಲೂಯಿಸ್ ರೈಸ್ ಅದನ್ನು ದಾಖಲಿಸಿದ್ದಾನೆ. ಕುಂದಾಣವೂ ಸೇರಿದಂತೆ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಪ್ರಕಟಿಸಿದವನೂ ಇವನೇ. ಬೇಲೂರಿನ ಚೆನ್ನಿಗರಾಯ ಆಗಾಗ ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ನೋಡಲು ನಡೆದುಹೋಗುತ್ತಾನಂತೆ. ಅದಕ್ಕಾಗಿ ದೇಗುಲದಲ್ಲಿ ದೊಡ್ಡದೊಂದು ಜೊತೆ ಚರ್ಮದ ಪಾದರಕ್ಷೆ. ಅದು ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರಿಗೆ ಕನಸಿನಲ್ಲಿ ತಿಳಿಯುತ್ತದೆ. ಅವರು ಹೊಸದನ್ನು ಮಾಡಿ ತರುತ್ತಾರೆ. ಅದನ್ನು ಒಪ್ಪಿಸಲು ಮಾತ್ರ ಅವರಿಗೆ ದೇವಸ್ಥಾನದ ಅಂಗಳದೊಳಗೆ ಬರಲು ಅವಕಾಶ. ಆ ಗಿರಿಸಾಲಿನ ಶಿಖರಗಳು 1900 ಮೀಟರಿಗೂ ಎತ್ತರ. ಮಂಜು, ಚಳಿ, ಗಾಳಿಯ ಜಾಗ. ಅಲ್ಲಿಗೆ ನಡೆಯಬೇಕಾದರೆ ದೇವರಿಗೂ ಮೆಟ್ಟು ಬೇಕು, ಅದನ್ನು ಹೊಲಿಯುವವನೂ ಬೇಕು. ಹೊಲಿದವನಿಗೆ ದೊರೆತದ್ದು ಅಂಗಳದವರೆಗಿನ ದಾರಿ.

ಪಟ್ಟಿ, ಬೂಟು, ರಬ್ಬರು

ಇಂಗ್ಲಿಷರು ಬಂದಾಗ ಕಾಲಿಗೆ ಬೂಟೂ ಬಂತು. ಅದರ ಜೊತೆಗೆ ಮೊಣಕಾಲಿನ ಕೆಳಗೆ ಸುತ್ತುವ ಉಣ್ಣೆಯ ಪಟ್ಟಿಯೂ ಬಂತು. ಈ ಪಟ್ಟಿ ಅವರು ತಂದದ್ದಲ್ಲ, ಹಿಮಾಲಯದ ಜನರಿಂದ ಕಲಿತದ್ದು. ನಮ್ಮ ‘ಪಟ್ಟಿ’ ಎಂಬ ಮಾತೇ ಅವರ ಭಾಷೆಗೂ ಸೇರಿತು. ಗುಡ್ಡಗಾಡಿನಲ್ಲಿ ಮುಳ್ಳು, ಹಾವು, ಚಳಿಗೆ ಅದು ಒಳ್ಳೆಯ ರಕ್ಷೆ. ಆದರೆ 1914ರ ಚಳಿಗಾಲದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನ ಕಂದಕಗಳಲ್ಲಿ ದಿನಗಟ್ಟಲೆ ನೀರಿನಲ್ಲಿ ನಿಂತ ಸೈನಿಕರ ಪಾದಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೊಳೆಯತೊಡಗಿದವು. ಭಾರತದಿಂದ ಹೋದ ಸಿಪಾಯಿಗಳೂ ಅಲ್ಲಿದ್ದರು. ಅಲ್ಲಿ ಹಿಮಗಡ್ಡೆಯಷ್ಟು ಚಳಿ ಇರಲೇಬೇಕೆಂದಿರಲಿಲ್ಲ. ತೇವ, ಅಲುಗಾಡದ ಕಾಲು, ಬಿಗಿದ ಬೂಟು, ನೆನೆದು ಇನ್ನೂ ಬಿಗಿಯಾದ ಪಟ್ಟಿ, ಇಷ್ಟೇ ಸಾಕಾಯಿತು. ಪಟ್ಟಿ ಸಡಿಲಿಸಿ, ಕಾಲು ಒರೆಸಿ, ಎಣ್ಣೆ ತಿಕ್ಕಿ, ಒಣ ಕಾಲುಚೀಲ ಹಾಕಿಕೊಳ್ಳಬೇಕೆಂದು ಸೈನ್ಯ ಕಟ್ಟುನಿಟ್ಟಿನ ಆಜ್ಞೆ ಹೊರಡಿಸಬೇಕಾಯಿತು. ಸಾಮಿಯ ಹುಲ್ಲು, ಬೇಡನ ಎಣ್ಣೆ ಹೇಳಿದ ಪಾಠವನ್ನೇ ಅವರು ದುಬಾರಿ ಬೆಲೆ ಕೊಟ್ಟು ಕಲಿತರು.

ಶಿಕಾರಿಗಳೂ ಬೂಟಿನ ಮಿತಿಯನ್ನು ಬೇಗ ಅರಿತುಕೊಂಡರು. ಕುಮಾವೂಂನ ಜಿಮ್ ಕಾರ್ಬೆಟ್ ಆಗಲಿ, ಬೆಂಗಳೂರಿನಲ್ಲಿ ನೆಲೆಸಿದ್ದು ನಮ್ಮ ಕಾಡುಗಳ ಕತೆ ಬರೆದ ಕೆನೆತ್ ಆಂಡರ್ಸನ್ (1910–1974) ಆಗಲಿ, ನರಭಕ್ಷಕದ ಹಿಂದೆ ಹೋಗುವಾಗ ನೆಚ್ಚಿದ್ದು ಹಗುರವಾದ ರಬ್ಬರ್ ಅಡಿಯ ಶೂಗಳನ್ನು. ಆಂಡರ್ಸನ್ನನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದದ್ದರಿಂದ ಆ ರಾತ್ರಿಗಳ ಕಾವಲು ನಮ್ಮ ಓದುಗರಿಗೂ ಪರಿಚಿತ. ಆ ಕತೆಗಳಲ್ಲಿ ಗಮನಿಸಬೇಕಾದವರು ಇನ್ನೊಬ್ಬರಿದ್ದಾರೆ. ಹೆಜ್ಜೆ ನೋಡಿ ದಾರಿ ತೋರುತ್ತ ದೊರೆಯ ಮುಂದೆ ನಡೆದ ಕಾಡಿನ ಜನ. ಹೆಚ್ಚಿನ ಬಾರಿ ಅವರದು ಬರಿಗಾಲೇ.

ಕೊನೆಗೆ ಉಳಿದದ್ದು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1991ರ ಅದರ ತಿದ್ದುಪಡಿ ಬೇಟೆಯ ಕಾಲವನ್ನು ಮುಗಿಸಿದವು. ಅದು ಮುಗಿಯಬೇಕಾದದ್ದೇ. ಕುಂದಾಣದ ಸುತ್ತ ಈಗ ದ್ರಾಕ್ಷಿ, ಗುಲಾಬಿ, ತರಕಾರಿಯ ತೋಟಗಳು. 2008ರಲ್ಲಿ ತಾಲ್ಲೂಕಿಗೆ ವಿಮಾನ ನಿಲ್ದಾಣ ಬಂದ ಮೇಲೆ ನೆಲದ ಬೆಲೆಯೂ ನೆಲದ ರೂಪವೂ ಬದಲಾದವು. ಅಸ್ಪೃಶ್ಯತೆಯ ಆಚರಣೆ 1950ರ ಸಂವಿಧಾನದಿಂದ ರದ್ದಾಯಿತು. 1955ರ ಕಾಯಿದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಚರ್ಮೋದ್ಯಮದವರಿಗಾಗಿ 1976ರಲ್ಲಿ ರಾಜ್ಯ ಸರ್ಕಾರ ಲಿಡ್ಕರ್ ನಿಗಮವನ್ನು ಸ್ಥಾಪಿಸಿತು. ಟೈರಿನ ಚಪ್ಪಲಿ, ಹವಾಯಿ ಚಪ್ಪಲಿ, ಕ್ಯಾನ್‌ವಾಸ್ ಶೂಗಳು ಕೆರ ಎಕ್ಕಡಗಳನ್ನು ಮೂಲೆಗೆ ಸರಿಸಿದವು. ಅಗ್ಗದ ಒಂದು ರಬ್ಬರ್ ಚಪ್ಪಲಿ ಎಲ್ಲ ಜಾತಿಯ ಕಾಲಿಗೂ ಬಂದದ್ದು ಚರಿತ್ರೆಯ ಸಣ್ಣ ಘಟನೆಯೇನಲ್ಲ.

ಇಬ್ಬನಿ ಮಾತ್ರ ಮೊದಲಿನಂತೆಯೇ ಬೀಳುತ್ತದೆ. ನಸುಕಿನಲ್ಲಿ ಸೊಪ್ಪು ಕೊಯ್ಯುವ ಹೆಂಗಸರ, ನೀರು ಕಟ್ಟುವ ರೈತರ ಕಾಲು ಇಂದಿಗೂ ಅದೇ ಒದ್ದೆ ಹುಲ್ಲಿನಲ್ಲಿ ನಡೆಯುತ್ತದೆ. ಅವರಿಗೆ ಹಳೆಯ ಬುದ್ಧಿ ಇನ್ನೂ ಸಲ್ಲುತ್ತದೆ. ಕಾಲನ್ನು ಒಣಗಿಸಿಡಿ, ಬಿಗಿಯಬೇಡಿ, ಎಣ್ಣೆ ತಿಕ್ಕಿ, ತಲೆ ಎದೆ ಬೆಚ್ಚಗಿರಲಿ. ರಾಜಧಾನಿಯಾಗಿ ಮೆರೆದ ಕುಂದಾಣದ ಚರಿತ್ರೆಯನ್ನು ನಾವು ಶಾಸನಗಳಲ್ಲಿ ಓದುತ್ತೇವೆ. ಹುಲಿ ಕೊಂದ ಸಳನ ಹೆಸರು, ಹಂದಿಯೊಡನೆ ಸತ್ತ ಕಾಳಿಯ ಹೆಸರು ಕಲ್ಲಿನಲ್ಲಿ ಉಳಿದಿವೆ. ಅವರ ಜೊತೆಯಲ್ಲಿ ನಡೆದವರ ಪಾದಕ್ಕೆ ಕೆರ ಹೊಲಿದುಕೊಟ್ಟು, ತಾನು ಬರಿಗಾಲಲ್ಲಿ ಮನೆಗೆ ನಡೆದವನ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಮಾಗಿಯ ಬೆಳಗಿನಲ್ಲಿ ಚಪ್ಪಲಿಗೆ ಕಾಲು ತೂರಿಸುವಾಗ ಅವನನ್ನು ಒಮ್ಮೆ ನೆನೆಯುವುದು ನಮ್ಮಿಂದಾಗುವ ಕನಿಷ್ಠ ಋಣಸಂದಾಯ.